ಮೂರನೇ ನಂಬರಿನ ಡ್ರಮ್ಮು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯ ಒಂದು ಕೆರೆಗೆ ಮುನಿವೆಂಕಟಪ್ಪ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಕೆಲಸ ತಾತನ ಕಾಲದಿಂದ ಬಂದದ್ದು. ತೂಬಿನ ಕೀಲಿ ಸದಾ ಅವನ ಉಡಿದಾರದಲ್ಲೇ ಇರುತ್ತಿತ್ತು. ಅರವತ್ತೆಂಟನೇ ಇಸವಿಯಲ್ಲಿ ಸರ್ಕಾರದ ದೋಣಿಯೊಂದು ನೀರೊಳಗಿನ ಬಂಡೆಗೆ ಬಡಿಯಿತು. ಬಂಡೆಯ ಗುರುತಿಗೆಂದು ಓವರ್ಸಿಯರು ಅದರ ಸುತ್ತ ಮೂರು ಡ್ರಮ್ಮು ತೇಲಿಬಿಡಿಸಿದರು. ಕೆಂಪು ಮೈ, ಬಿಳಿ ಪಟ್ಟೆ, ಹೊಟ್ಟೆಯ ಮೇಲೆ ನಂಬರು, ಕೆಳಗೆ ಸರಪಳಿ, ಸರಪಳಿಗೆ ಕಲ್ಲು. ಒಂದು ಕದಲಿದರೂ ಅದೇ ದಿನ ದೇವನಹಳ್ಳಿಯ ಕಚೇರಿಗೆ ಬಂದು ವರದಿ ಕೊಡಬೇಕು, ಕಳೆದುಹೋದರೆ ಮಾತ್ರ ಕೀಲಿ ಅದೇ ಊರಿನ ಬೈರಪ್ಪನ ಕೈಗೆ ಎಂದು ಎಚ್ಚರಿಸಿದರು. ಬೈರಪ್ಪನಾದರೋ ಆ ಕೀಲಿಯ ಮೇಲೆ ಹತ್ತು ವರ್ಷದಿಂದ ಕಣ್ಣಿಟ್ಟು ಕೂತವನು.

ದೀಪಾವಳಿಯ ನೀರು ತುಂಬುವ ಹಬ್ಬದ ಬೆಳಿಗ್ಗೆ ನೋಡಿದರೆ ಎರಡೇ ಡ್ರಮ್ಮು. ಮುನಿವೆಂಕಟಪ್ಪ ಕೆರೆ ಸುತ್ತೆಲ್ಲ ಹುಡುಕಿ, ಸಿಗದೆ, ಬಸ್ಸು ಹತ್ತಿದ. ಕಚೇರಿಯಲ್ಲಿ ಕಾಣೆಯಾದ ಡ್ರಮ್ಮಿಗೆ ಫಾರಂ ಇರಲಿಲ್ಲ. ಗುಮಾಸ್ತ ಮಹಾ ಬುದ್ಧಿವಂತ, ತಪ್ಪಿಸಿಕೊಂಡ ದನದ ಫಾರಂ ತೆಗೆದ. ಬಣ್ಣ ಕೆಂಪು, ಕೊಂಬು ಇಲ್ಲ, ಸರಪಳಿ ಉಂಟು, ಹಾಯುವ ಅಭ್ಯಾಸ ಇಲ್ಲ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಹಬ್ಬವಾದರೇನು, ನಾಳೆ ಬೆಳಿಗ್ಗೆಯೇ ಬರುತ್ತೇನೆ, ಕೀಲಿ ಸಿದ್ಧವಾಗಿಟ್ಟಿರು ಎಂದರು ಓವರ್ಸಿಯರು.

ಸಂಜೆ ಮನೆಗೆ ಬಂದು ಕಾಲು ತೊಳೆಯಲು ಬಚ್ಚಲಿಗೆ ಹೋದವನು ಅಲ್ಲೇ ಕಲ್ಲಾಗಿ ನಿಂತ. ಒಲೆಯ ಮೇಲೆ ಮೂರನೇ ನಂಬರಿನ ಡ್ರಮ್ಮು ಕೂತಿತ್ತು. ಕಮ್ಮಾರನಿಂದ ಬಾಯಿ ಕೊಯ್ಯಿಸಿ, ಹಿಂಡಲಕಾಯಿ ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಕಂಠಮಟ್ಟ ನೀರು ತುಂಬಿದ್ದರು. ಕಲ್ಲು ಕಳಚಿದ ಸರಪಳಿ ಎಮ್ಮೆಯ ಕೊರಳಿಗೆ ಹೋಗಿತ್ತು. ಆ ದಿನ ಸ್ನಾನದ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿ ಪೂಜಿಸುವುದು ಎಲ್ಲರ ಮನೆಯ ಪದ್ಧತಿ. ಇವರ ಹಂಡೆ ತೂತಾಗಿತ್ತು. ಅತ್ತೆ ಅಮ್ಮಯಮ್ಮ ಅದೇ ಕೊರಗಿನಲ್ಲಿ ನಸುಕಿಗೇ ಬಟ್ಟೆ ಒಗೆಯಲು ಹೋದರೆ, ಪಟ್ಟೆ ಸಮೇತ ಹಂಡೆಯೇ ದಡಕ್ಕೆ ಬಂದು ನಿಂತಿದೆ. ಪಾಪ, ಅವಳಿಗೆ ಇನ್ನೇನು ಅನ್ನಿಸಬೇಕು?

“ಗಂಗಮ್ಮನೇ ಬಣ್ಣ ಬಳ್ದು ಕಳ್ಸವ್ಳೆ ಕಣಪ್ಪ,” ಎಂದಳು.

ಅದು ಸರ್ಕಾರದ್ದೆಂದು ಅಳಿಯ ಗೋಗರೆದ. ಪೂಜೆಯಾದ ನೀರನ್ನು ನಾಳೆಯ ಎಣ್ಣೆಸ್ನಾನಕ್ಕೆ ಮುಂಚೆ ಚೆಲ್ಲಿದರೆ ಮನೆಗೆ ಒಳ್ಳೆಯದಲ್ಲ ಎಂದು ಅವಳು ಬಚ್ಚಲ ಬಾಗಿಲಿಗೇ ಅಡ್ಡ ಕೂತಳು.

ಬೆಳಗಾಗುತ್ತಲೇ ಜೀಪು ಬಂತು. ಓವರ್ಸಿಯರನ್ನು ನೇರ ಕೆರೆ ಏರಿಗೆ ಸಾಗಹಾಕೋಣವೆಂದು ಮುನಿವೆಂಕಟಪ್ಪ ಓಡಿದ. ಅಷ್ಟರಲ್ಲಿ ಅಮ್ಮಯಮ್ಮ ಅವರ ಒಣತಲೆ ನೋಡಿಬಿಟ್ಟಳು.

“ಇವತ್ತೂ ತಲೆಗೆ ಎಣ್ಣೆ ಮುಟ್ಸಿಲ್ವೇನಪ್ಪಾ? ಮನೇಲಿ ಯಾರೂ ಇಲ್ವಾ?”

ಊರು ದೂರ, ಕ್ವಾರ್ಟರ್ಸಿನಲ್ಲಿ ಒಬ್ಬನೇ, ತಾಯಿ ಹೋಗಿ ಆರು ವರ್ಷವಾಯಿತು ಎಂದರು ಓವರ್ಸಿಯರು. ಹೇಳುತ್ತ ಹೇಳುತ್ತ ಅಧಿಕಾರದ ದನಿ ಇಳಿದುಹೋಯಿತು. ಮುದುಕಿ ಮರುಮಾತಿಗೆ ಬಿಡದೆ ರಟ್ಟೆ ಹಿಡಿದು ಒಳಗೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿದಳು.

ಮುನಿವೆಂಕಟಪ್ಪ ಕೀಲಿ ಬಿಚ್ಚಿ ಕೈಯಲ್ಲಿ ಹಿಡಿದು ಬಚ್ಚಲ ಹೊರಗೆ ನಿಂತ. ತಾತ, ಅಪ್ಪ ಹಿಡಿದ ಕೀಲಿ. ಅವನಿಗೆ ಅಳುವೇ ಬಂತು. ಒಳಗೆ ಚೊಂಬಿನ ಮೇಲೆ ಚೊಂಬು ನೀರು ಸುರಿಯುತ್ತಿತ್ತು. ಸೀಗೆಪುಡಿ ತೊಳೆದುಹೋಗಿ ಕಣ್ಣು ಬಿಟ್ಟರೋ ಏನೋ, ಸದ್ದು ನಿಂತಿತು.

“ಮುನಿವೆಂಕಟಪ್ಪ, ಇದರ ಮೇಲೆ ಮೂರು ಅಂತ ಬರ್ದಿದೆಯಲ್ಲಯ್ಯ?”

“ಹೌದು ಸ್ವಾಮಿ.”

ಒಳಗೆ ಡ್ರಮ್ಮಿನ ಹೊಟ್ಟೆಯನ್ನು ಬೆರಳಿನಿಂದ ತಟ್ಟಿದ ಸದ್ದಾಯಿತು. ಆಮೇಲೆ, “ಇನ್ನೆರಡು ಚೊಂಬು ಹಾಕಮ್ಮ,” ಎಂದು ಕೇಳಿಸಿತು.

ಹೋಳಿಗೆ ತಿಂದಾದ ಮೇಲೆ ಓವರ್ಸಿಯರು ಬಂಡೆಗೆ ಬೇರೆ ಡ್ರಮ್ಮು ಕಳಿಸುವುದಾಗಿ ಹೇಳಿದರು. ಕೀಲಿಯನ್ನು ಉಡಿದಾರಕ್ಕೇ ಕಟ್ಟಿಕೋ ಎಂದರು. ಆಮೇಲೆ ಆ ದನದ ಫಾರಮ್ಮಿನ ಕೊನೆಯಲ್ಲಿ ತಮ್ಮ ಕೈಯಾರೆ ಬರೆದರು: “ಕಾಣೆಯಾಗಿಲ್ಲ, ಜಾಗ ಬದಲಾಗಿದೆ. ನೀರಿನ ಸಂಬಂಧ ಬಿಟ್ಟಿಲ್ಲ. ಪ್ರತಿ ವರ್ಷ ನರಕ ಚತುರ್ದಶಿಯ ಬೆಳಿಗ್ಗೆ ಖುದ್ದಾಗಿ ಬಂದು ತಪಾಸಣೆ ಮಾಡತಕ್ಕದ್ದು.”