ಅಂಕಯ್ಯನ ಹಸುಗಳು

ಕೈಯಲ್ಲಿ ಫೈಲು ಹಿಡಿದು ಬಂದವರಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರೂ ನಿಜ ಹೇಳುವುದಿಲ್ಲ. ಹೇಳಿದರೆ ರೇಷನ್ ಕಾರ್ಡು ರದ್ದಾಗುತ್ತದೆ ಎಂಬ ಭಯ. ಫೈಲು ಬರುತ್ತದೆ ಅಂತ ಸುದ್ದಿ ಸಿಕ್ಕರೆ ಸಾಕು, ಬೈಕು ಪಕ್ಕದ ಮನೆ ಸೇರುತ್ತದೆ, ಟೀವಿಯ ಮೇಲೆ ಹಳೇ ಸೀರೆ ಬೀಳುತ್ತದೆ, ಯಜಮಾನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಶುರುವಾಗುತ್ತದೆ. ಗುಡೇಮಾರನಹಳ್ಳಿಯ ಬೋರಲಿಂಗಯ್ಯನವರ ಮನೆಗೆ ನಾನು ಹೋದದ್ದೂ ಫೈಲು ಹಿಡಿದೇ.

ನಾನು ಇಸ್ಮತ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯವಳು. ಮಾಗಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ, ಓದು ಬರಹ ಸುಲಭವಾಗಿ ಹತ್ತದ ಮಕ್ಕಳಿಗೆ ಟೀಚರು. ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಮಕ್ಕಳು ಎರಡಕ್ಕೂ ಹೊಂದಿಕೊಂಡಿದ್ದಾರೆ.

ಬೋರಲಿಂಗಯ್ಯನವರ ಮೊಮ್ಮಗಳು ರಮ್ಯಾ ನನ್ನ ವಿದ್ಯಾರ್ಥಿನಿ, ಹತ್ತನೇ ತರಗತಿ. ಕಿವಿಯಲ್ಲಿ ಕೇಳಿದ್ದನ್ನು ಮರೆಯುವವಳಲ್ಲ, ಆದರೆ ಪುಸ್ತಕ ತೆರೆದರೆ ಅಕ್ಷರಗಳು ಅವಳ ಮಾತು ಕೇಳುವುದಿಲ್ಲ. ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಬೆವರುತ್ತಾಳೆ. ದಡ್ಡತನವಲ್ಲ, ಸೋಮಾರಿತನವಲ್ಲ, ಇದೊಂದು ಕಲಿಕೆಯ ತೊಡಕು ಅಂತ ಡಾಕ್ಟರ ಸರ್ಟಿಫಿಕೇಟೂ ಇದೆ. ಪರೀಕ್ಷೆಯಲ್ಲಿ ಅವಳು ಉತ್ತರ ಹೇಳುವುದು, ಒಂಬತ್ತನೇ ತರಗತಿಯ ಆಯಿಷಾ ಬರೆಯುವುದು ಎಂದು ಅನುಮತಿಯೂ ಸಿಕ್ಕಿತ್ತು.

ಆದರೆ ಹತ್ತಾದ ಮೇಲೆ ಏನು? ಇಂಥ ಮಕ್ಕಳ ಬಗ್ಗೆ ಆ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಅದಕ್ಕೇ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮಗುವಿಗೆ ಏನು ಚೆನ್ನಾಗಿ ಬರುತ್ತದೆ ಎಂದು ಮನೆಯವರನ್ನೇ ಕೇಳಿ, ಮುಂದಿನ ದಾರಿ ಯಾವುದೆಂದು ಅವರ ಜೊತೆ ಕೂತು ಬರೆದಿಡುವುದು. ರಮ್ಯಾಳಿಗೆ ಪಶುಸಂಗೋಪನೆಯ ಡಿಪ್ಲೊಮಾ ಮಾಡುವ ಆಸೆ. ನನ್ನ ಕಿವಿಯಲ್ಲಿ ಹೇಳಿದ್ದಳು, ಮನೆಯಲ್ಲಿ ಹೇಳಿರಲಿಲ್ಲ. ನಮ್ಮ ಹೆಡ್‌ಮಾಸ್ಟರು ಮಾತ್ರ, "ಟೈಲರಿಂಗ್ ಅಂತ ಬರೆದ್ಬಿಡಿ ಮೇಡಂ, ಹೆಣ್ಮಕ್ಕಳಿಗೆ ಅದೇ ಸರಿ" ಎಂದು ಮುಗಿಸಿಬಿಟ್ಟಿದ್ದರು. ಸೋಮವಾರ ಅವರ ಮೇಜಿಗೆ ನನ್ನ ಹಾಳೆ ಖಾಲಿ ಹೋದರೆ ಟೈಲರಿಂಗೇ ಗಟ್ಟಿ. ಸೂಜಿಗೆ ದಾರ ಪೋಣಿಸುವುದೆಂದರೆ ರಮ್ಯಾಳಿಗೆ ಮೈ ಉರಿಯುತ್ತದೆ.

ನಾನು ಹೋಗುವ ಹಿಂದಿನ ದಿನ ಅವಳಪ್ಪ ದೇವರಾಜುಗೆ ಫೋನು ಮಾಡಿ, "ನಾಳೆ ಭಾನುವಾರ ಬರ್ತೀನಿ, ಮನೆ ವಿಚಾರ ಕೇಳಿ ಫಾರಂ ತುಂಬಬೇಕು" ಎಂದಿದ್ದೆ. ಅಷ್ಟು ಸಾಕಾಯಿತು.

ನಾನು ಹೋದಾಗ ದೇವರಾಜು ಬಾಡಿಗೆಗೆ ಟೆಂಪೊ ತೆಗೆದುಕೊಂಡು ಹೋಗಿದ್ದ. ಜಗುಲಿಯ ಮೇಲೆ ಬೋರಲಿಂಗಯ್ಯ ತೂತುಬಿದ್ದ ಬನಿಯನ್ನಿನಲ್ಲಿ ಕೂತಿದ್ದರು. ಹೆಂಡತಿ ಬೈರಮ್ಮ ನನಗೆ ಚಾಪೆ ಹಾಸಿ ಒಳಗೆ ಹೋದರು. ರಮ್ಯಾ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಪಕ್ಕದ ಕೊಟ್ಟಿಗೆ ಖಾಲಿ ಇತ್ತು. ಸೆಗಣಿ ಮಾತ್ರ ಹಸಿಯಾಗಿತ್ತು.

"ರಮ್ಯಾಗೆ ಏನೇನು ಚೆನ್ನಾಗಿ ಬರುತ್ತೆ, ಹೇಳಿ ಯಜಮಾನ್ರೆ."

"ಏನೂ ಬರಾಕಿಲ್ಲ ಮೇಡಮ್ಮೋರೆ." ಒಂದು ಸುತ್ತು ಕೆಮ್ಮಿದರು.

"ಮನೆ ಕೆಲಸ, ಹೊಲದ ಕೆಲಸ?"

"ಹೊಲ ಎಲ್ಲೈತೆ? ಒಸಿ ಜಾಗ, ಅದ್ರಲ್ಲೂ ಕಲ್ಲು."

"ಹಸು ಕರು?"

"ಅಯ್ಯೋ, ನಮ್ಗೆಲ್ಲಿ ಬಂತು ಹಸು!"

"ಹಾಗಾದರೆ ಮೊಮ್ಮಗಳು ದಿನವಿಡೀ ಮಾಡೋದೇನು?"

"ಸುಮ್ಕೆ ಕೂತಿರ್ತಳೆ. ಅವಳ್ ಕೈಲಿ ಏನಾಯ್ತದೆ? ಒಂದು ಕೆಲಸಕ್ಕೂ ಬರಾಕಿಲ್ಲ. ಬರ್ಕಳಿ, ಏನೂ ಬರಾಕಿಲ್ಲ ಅಂತ."

ನನಗೆ ರೇಗಿತು. ಇದು ರೇಷನ್ನಿನವರ ಫಾರಂ ಅಲ್ಲ, ಶಾಲೆಯದು ಎಂದು ಬಿಡಿಸಿ ಹೇಳಿದೆ. "ಸರ್ಕಾರಿ ಶಾಲೆ ಅಂದ್ರೂವೆ ಸರ್ಕಾರವೇ ಅಲ್ವರಾ?" ಎಂದು ಮುದುಕ ಕಣ್ಣು ಕಿರಿದು ಮಾಡಿ ನನ್ನ ಫೈಲನ್ನೇ ನೋಡಿದರು. ಬೈರಮ್ಮ ತಂದ ಕಾಫಿ ಗಟ್ಟಿ ಹಾಲಿನದು, ಮೇಲೆ ಕೆನೆ ಕಟ್ಟಿತ್ತು. ಹಸುವಿಲ್ಲದ ಮನೆಯ ಕಾಫಿ! ಕುಡಿದೆ, ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಪಕ್ಕದ ಅಂಕಯ್ಯನ ಹಿತ್ತಲಿನಿಂದ ಒಂದು ಹಸು ಕೂಗಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲ ಸೇರಿ ಬೀದಿಗೇ ಕೇಳುವ ಹಾಗೆ ಶುರುಮಾಡಿದವು. ಡೇರಿಗೆ ಹಾಲು ಹಾಕುವ ಹೊತ್ತಾಗಿತ್ತು. ರಮ್ಯಾ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ಅಂಕಯ್ಯನ ಹಸುಗಳು," ಎಂದರು ಬೋರಲಿಂಗಯ್ಯ. "ಅವ್ಕೆ ಯಾವಾಗ್ಲೂ ಕೂಗೋದೇ ಚಾಳಿ."

"ತಾತ, ಕೆಚ್ಚಲು ಬಿಗಿದು ನಿಂತವೆ," ಎಂದಳು ರಮ್ಯಾ.

"ಸುಮ್ಕಿರು. ಅವ್ರ ಹಸ, ಅವ್ರ ಪಾಡು."

ಪಾಪ, ಅಂಕಯ್ಯನಿಗೆ ಆ ಗಲಾಟೆ ತಡೆಯಲಾಗಲಿಲ್ಲವೇನೋ, ಹಗ್ಗ ಬಿಚ್ಚಿಬಿಟ್ಟಿದ್ದ. "ಅಂಕಯ್ಯನ ಹಸುಗಳು" ಒಂದರ ಹಿಂದೊಂದು ಗೇಟು ದಾಟಿ ನೇರ ಬೋರಲಿಂಗಯ್ಯನವರ ಅಂಗಳಕ್ಕೆ ಬಂದವು, ನನ್ನ ಸ್ಕೂಟರನ್ನು ಮೂಸಿದವು, ಕೊಟ್ಟಿಗೆಗೆ ನುಗ್ಗಿ ತಂತಮ್ಮ ಗೂಟದ ಮುಂದೆ ನಿಂತುಕೊಂಡವು. ಕಡೆಯದು ರಮ್ಯಾಳ ಭುಜಕ್ಕೆ ಮೂತಿ ಒರೆಸಿಯೇ ಒಳಗೆ ಹೋಯಿತು.

ನಗು ತಡೆಯಲು ನಾನು ದುಪಟ್ಟಾ ಬಾಯಿಗಿಟ್ಟುಕೊಂಡೆ. ಬೈರಮ್ಮ ತಡೆಯುವ ಗೋಜಿಗೇ ಹೋಗಲಿಲ್ಲ, ಬಾಗಿಲಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೋರಲಿಂಗಯ್ಯನವರ ಕೆಮ್ಮು ಪೂರ್ತಿ ವಾಸಿಯಾಗಿತ್ತು. "ಈ ಅಂಕಯ್ಯಂಗೆ ಒಂದು ಕೆಲ್ಸ ನೆಟ್ಗೆ ಮಾಡಾಕೆ ಬರಾಕಿಲ್ಲ" ಎಂದು ಗೊಣಗಿದರು.

ನಗದವಳು ರಮ್ಯಾ ಒಬ್ಬಳೇ.

"ತಾತ," ಎಂದಳು. "ಹಸ ಇಲ್ಲ ಅಂದೆ, ಅದು ಸುಳ್ಳು ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ನಂಗೆ ಏನೂ ಬರಾಕಿಲ್ಲ ಅಂದ್ಯಲ್ಲ, ಅದೂ ಸುಳ್ಳಾ?"

ಬೋರಲಿಂಗಯ್ಯನವರ ಬೆರಳು ಬನಿಯನ್ನಿನ ತೂತಿಗೆ ಹೋಯಿತು.

"ಸ್ಕೂಲಲ್ಲಿ ಎಲ್ರೂ ಅಂತಾರೆ, ಕೇಳಿ ಕೇಳಿ ಸಾಕಾಗೈತೆ. ಮನೇಲಿ ಇವತ್ತೇ ಮೊದ್ಲು ಕೇಳಿದ್ದು." ಅಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು.

ಬೈರಮ್ಮನ ನಗು ನಿಂತಿತು. ನನಗೆ ಫೈಲು ಮುಚ್ಚಿ ಎದ್ದುಬಿಡೋಣ ಎನ್ನಿಸಿತು. ಬೋರಲಿಂಗಯ್ಯ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು, ಕೊಟ್ಟಿಗೆಯ ಕಡೆ ನೋಡಿದರು, ಫೈಲಿನ ಕಡೆ ನೋಡಿದರು.

"ಹೊಡ್ದಾಕಿ ಅದ್ನ," ಎಂದರು.

"ಯಾವುದನ್ನ?"

"ಏನೂ ಬರಾಕಿಲ್ಲ ಅಂತ ಬರ್ಕಂಡಿದ್ರೆ ಹೊಡ್ದಾಕಿ. ಕಾರ್ಡು ಹೋದ್ರೆ ಹೋಗ್ಲಿ. ಬರ್ಕಳಿ ಈಗ. ಹಾಲು ಕರೆಯೋ ಮಿಷನ್ನು ಕೆಟ್ರೆ ಬಿಚ್ಚಿ ಜೋಡುಸ್ತಳೆ."

"ಮಿಷನ್ನೂ ಇದೆಯಾ?"

"ಹುಲ್ಲಿನ್ ಬಣವೇಲಿ ಮಡಗಿವ್ನಿ. ಅದ್ಕೇ ಇವತ್ತು ಕೈಯಾಗೆ ಕರೀತಾವ್ಳೆ. ಬರ್ಕಳಿ, ಯಾವ ಹಸ ಯಾವತ್ತು ಬೆದೆಗೆ ಬಂತು, ಯಾವತ್ತು ಇಂಜೆಕ್ಷನ್ ಆಯ್ತು, ಎಲ್ಲಾನೂ ತಲೇಲೇ ಇಟ್ಕಂಡವ್ಳೆ. ಕರು ಹಾಕೋವಾಗ ಡಾಕ್ಟ್ರು ಬರೋಗಂಟ ನಾನು ಹೆದರ್ಕಂಡು ಬೀದೀಲಿರ್ತೀನಿ, ಅವಳು ಪಕ್ಕದಲ್ಲೇ ಕುಂತಿರ್ತಳೆ. ಓದೋದು ಕಷ್ಟ, ಅದ್ನೂ ಬರ್ಕಳಿ. ಸುಳ್ಳು ಬ್ಯಾಡ."

ನನ್ನ ಹಾಳೆ ತುಂಬಿ ಹಿಂಬದಿಗೆ ತಿರುಗಿತು. ನನ್ನ ಫಾರಮ್ಮಿಗೂ ಕಾರ್ಡಿಗೂ ಸಂಬಂಧವಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಅವರು ನಂಬಲಿಲ್ಲ, ಆದರೂ ಹೇಳುವುದನ್ನು ನಿಲ್ಲಿಸಲಿಲ್ಲ.

"ಮುಂದೆ ಏನು ಓದಿಸೋಣ?" ಎಂದು ಕೇಳಿದೆ.

ಬೋರಲಿಂಗಯ್ಯ ಏನೋ ಹೇಳಹೊರಟು ತಡೆದರು. "ಅದ್ನ ಅವಳ್ನೇ ಕೇಳಿ," ಎಂದರು. "ಅವಳೇನಂತಳೋ ಅದ್ಕೆ ನಾನು ಸೈನ್ ಹಾಕ್ತೀನಿ."

ಮೂವರೂ ಕೊಟ್ಟಿಗೆಯ ಬಾಗಿಲಿಗೆ ಹೋದೆವು. ತಾತನ ಮಾತು ಅವಳಿಗೆ ಕೇಳಿಸಿತ್ತು, ಕಿವಿ ಕೆಂಪಗಾಗಿದ್ದವು. ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯುತ್ತಲೇ ಶುರುಮಾಡಿದಳು. ಡಿಪ್ಲೊಮಾ ಎರಡು ವರ್ಷ, ಹಾಸ್ಟೆಲಿನಲ್ಲಿ ಇರಬೇಕು, ಪಾಠವನ್ನು ಫೋನಿಗೆ ತುಂಬಿಸಿಕೊಂಡು ಕೇಳುತ್ತಾಳೆ, ಅಲ್ಲೂ ಪರೀಕ್ಷೆ ಬರೆದುಕೊಡುವವರು ಬೇಕು ಎಂದು ಮಿಸ್ ಈಗಲೇ ಕೇಳಬೇಕು, ರಜಕ್ಕೆ ಬಂದಾಗ ಊರಿನ ಹಸುಗಳನ್ನೆಲ್ಲ ನೋಡುತ್ತಾಳೆ, ಅಂಕಯ್ಯನವನ್ನೂ. ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ.

"ನಿಧಾನಕ್ಕೆ ಹೇಳು ಮಗಾ," ಎಂದೆ, "ಬರ್ಕೋಬೇಕು."

"ಆಯ್ತು ಮಿಸ್," ಎಂದಳು ರಮ್ಯಾ, ಅಂದು ಮೊದಲ ಸಲ ನಗುತ್ತಾ. "ಬರಿಯೋದು ಕಷ್ಟ, ನಂಗೆ ಗೊತ್ತು."