ಕಾವಲು ಎದ್ದ ಮೈ

ತಮ್ಮನ ಕಾಲಿನ ಮೇಲೆ ನನ್ನ ಹೆಬ್ಬೆರಳು ಒತ್ತಿದ ಗುಳಿ ಹಾಗೇ ಉಳಿಯಿತು.

ಸೋಫಾ ಹೊಲಿಯುವ ಅಂಗಡಿ ನಮ್ಮದು. ದಿನವಿಡೀ ಸ್ಪಂಜು ಒತ್ತಿ ನೋಡುವ ಕೈ ನನ್ನದು. ಒಳ್ಳೆಯ ಸ್ಪಂಜು ಬಿಟ್ಟ ಕೂಡಲೇ ಮೇಲೆದ್ದು ಬರುತ್ತದೆ. ಅವನ ಕಾಲಿನ ಗುಳಿ ಮೇಲೇಳಲಿಲ್ಲ.

"ಚಪ್ಪಲಿ ಬಿಗಿ ಆಗ್ತಿದೆ ಅಂದೆ ಅಷ್ಟೇ. ಅದಕ್ಯಾಕೆ ಮುಖ ಹಾಗ್ಮಾಡ್ತೀಯ ಅಕ್ಕಾ?" ಎಂದ, ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.

"ಈಗ ತಾನೇ ಮೈ ತುಂಬ್ಕೊಂಡಿದಾನೆ. ಕಣ್ಣು ಹಾಕ್ಬೇಡ ಕಣೇ," ಎಂದಳು ಅಮ್ಮ ಒಳಗಿನಿಂದ.

"ಕಿಡ್ನೀನೇ ಕೊಟ್ಟೋಳು ಕಣ್ಣು ಹಾಕ್ತೀನಾ?" ಎಂದೆ. ನಗು ಬರಲಿಲ್ಲ.

ಹೋದ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟಾಗ ನನ್ನದೊಂದನ್ನು ತೆಗೆದು ಅವನಿಗೆ ಹಾಕಿದ್ದರು. ಆಗಲೇ ಡಾಕ್ಟರು ಅಮ್ಮನಿಗೆ ತಿಳಿಯುವ ಹಾಗೆ ಹೇಳಿದ್ದರು: "ಮೈಯೊಳಗೆ ಕಾವಲುಗಾರರು ಇರ್ತಾರಮ್ಮ. ರೋಗದ ಹುಳ ಒಳಗೆ ಬಂದ್ರೆ ಹಿಡಿದು ಕೊಲ್ತಾರೆ. ಆದ್ರೆ ಹೊರಗಿನಿಂದ ಏನೇ ಬಂದ್ರೂ ಅವರಿಗೆ ಶತ್ರುನೇ. ಅದಕ್ಕೇ ಈ ಮಾತ್ರೆ, ಅವರು ತೂಕಡಿಸ್ತಾ ಇರಲಿ ಅಂತ. ಜೀವನಪೂರ್ತಿ ಬಿಡೋ ಹಾಗಿಲ್ಲ."

ಅಮ್ಮ ತಲೆಯಾಡಿಸಿದ್ದಳು. ಆದರೆ ನಮ್ಮ ಚಿಕ್ಕಂದಿನಲ್ಲಿ ಅವಳು ರಾಗವಾಗಿ ಓದಿ ಹೇಳುತ್ತಿದ್ದ ಕಥೆಯಲ್ಲಿ ಕೋಟೆ ಬಿದ್ದದ್ದು ಶತ್ರುವಿನ ಬಲದಿಂದಲ್ಲ, ಬಾಗಿಲಲ್ಲಿ ಕಾವಲಿನವರು ಮಲಗಿಬಿಟ್ಟಿದ್ದರಿಂದ. ಆ ಭಾಗ ಬಂದಾಗಲೆಲ್ಲ ಅವಳ ದನಿ ಒಡೆಯುತ್ತಿತ್ತು.

ಚಳಿಗಾಲದಲ್ಲಿ ತಮ್ಮನಿಗೆ ಕೆಮ್ಮು ಹಿಡಿಯಿತು. ಒಂದು ಬಿಟ್ಟರೆ ಇನ್ನೊಂದು, ಜ್ವರ, ಬಾಯಿಹುಣ್ಣು. ಅವನು ಕೆಮ್ಮಿದಾಗ ಹೊಲಿಗೆ ಮಿಷನ್ನೂ ಅಲುಗಾಡುತ್ತಿತ್ತು. ಆಮೇಲೆ ಒಮ್ಮೆಲೇ ಎಲ್ಲ ನಿಂತಿತು. ದೇವರು ಕಣ್ಣುಬಿಟ್ಟ ಎಂದು ಕೈಮುಗಿದೆವು.

ಈಗ ಊದಿದ ಕಾಲು ತೋರಿಸಲು ಹೋದಾಗ, ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದರು.

"ಮಾತ್ರೆ ಯಾವಾಗ ಬಿಟ್ರಿ?"

"ಬಿಟ್ಟಿಲ್ಲ ಡಾಕ್ಟ್ರೇ," ಎಂದ ತಮ್ಮ. "ಅಮ್ಮನೇ ಬಿಡಿಸಿ ಬಟ್ಟಲಲ್ಲಿ ಹಾಕಿ ಕೊಡ್ತಾಳೆ. ಒಂದು ಹೊತ್ತೂ ತಪ್ಪಿಲ್ಲ. ಅಲ್ವೇನಮ್ಮಾ?"

ಅಮ್ಮ ನೆಲ ನೋಡುತ್ತಿದ್ದಳು.

"ಅಮ್ಮಾ?"

"ಮಗು ಕೆಮ್ಮಿ ಕೆಮ್ಮಿ ಸಾಯ್ತಿತ್ತು," ಎಂದಳು. "ಕಾವಲು ಮಲಗಿಸಿ ಯಾರಾದ್ರೂ ಮನೆ ಉಳಿಸ್ಕೋತಾರಾ? ಅದಕ್ಕೆ ಆ ಮಾತ್ರೆ ಬದ್ಲು ಶಕ್ತಿ ಮಾತ್ರೆ ಹಾಕ್ದೆ. ಕೆಮ್ಮು ಹೋಯ್ತಲ್ಲ! ಹೋಗ್ಲಿಲ್ವಾ?"

ನನ್ನ ಕೈ ತಾನಾಗಿ ಪಕ್ಕೆಯ ಹೊಲಿಗೆಯ ಗುರುತಿನ ಮೇಲೆ ಹೋಗಿ ಕೂತಿತ್ತು.

"ಹೋಯ್ತಮ್ಮ, ಅದು ನಿಜ," ಎಂದರು ಡಾಕ್ಟರು ಮೆಲ್ಲಗೆ. "ಕಾವಲು ಎದ್ದಿದ್ದಕ್ಕೇ ಕೆಮ್ಮು ಹೋಯ್ತು. ಎದ್ದವರು ಅಷ್ಟಕ್ಕೇ ಸುಮ್ನಿರಲಿಲ್ಲ. ಈಗ ಕಿಡ್ನಿ ಮೇಲೆ ಬಿದ್ದಿದ್ದಾರೆ. ಮೈಗೆ ಬಂದಿರೋದು ಮಾಂಸ ಅಲ್ಲ, ನೀರು."

"ಅದೇನು ಕಂಡೋರ ಕಿಡ್ನಿನಾ? ಒಂದೇ ಹೊಟ್ಟೇಲಿ ಹುಟ್ಟಿದೋರು ಇವರು!"

"ಮೈಗೆ ಅಕ್ಕ ಗೊತ್ತಿಲ್ಲಮ್ಮ."

ತಮ್ಮನ ಮುಖ ಬಿಳುಚಿತ್ತು. ಆದರೂ ನನ್ನ ಕಡೆ ತಿರುಗಿ, "ನೋಡೇ, ನಿನ್ನನ್ನ ಮನೆ ಬಿಟ್ಟು ಓಡಿಸ್ತಿದೀನಂತೆ," ಎಂದ.

ಅಂದೇ ಅವನನ್ನು ಸೇರಿಸಿಕೊಂಡು ರಕ್ತನಾಳಕ್ಕೆ ಔಷಧಿ ಏರಿಸಿದರು. ಕಿಡ್ನಿ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, "ತಡವಾಗಿದೆ. ನೋಡೋಣ," ಎಂದರಷ್ಟೇ.

ಸಂಜೆ ನರ್ಸು ಪುಟ್ಟ ಬಟ್ಟಲಲ್ಲಿ ಮಾತ್ರೆ ತಂದಳು. ಮಂಚದ ಪಕ್ಕ ಕೂತಿದ್ದ ಅಮ್ಮ ಅಭ್ಯಾಸಬಲದಿಂದ ಕೈ ಚಾಚಿದಳು. ಎಲ್ಲಿದ್ದೆನೋ, ಹೇಗೆ ಬಂದೆನೋ, ಅವಳ ಮಣಿಕಟ್ಟು ನನ್ನ ಮುಷ್ಟಿಯೊಳಗಿತ್ತು. ಬಳೆ ಅವಳ ಚರ್ಮಕ್ಕೆ ಒತ್ತುತ್ತಿತ್ತು.

"ನಾನು ಕಣೇ," ಎಂದಳು ಅಮ್ಮ.

ಬಿಡಬೇಕು ಅನ್ನಿಸಿತು. ಬೆರಳು ಬಿಡಲಿಲ್ಲ.