ಕತ್ತರಿ ಗುರುತು

"ಇನ್ನೂ ಸ್ವಲ್ಪ ಅಗಲ ತೆಗೀರಿ ಅಜ್ಜಿ. ನಾಲಿಗೆ ಮೇಲಕ್ಕೆತ್ತಿ."

ಜ್ಯೋತಿಲಕ್ಷ್ಮಿ ಕೌಂಟರಿನ ಮೇಲೆ ಅರ್ಧ ಮೈ ಚಾಚಿ, ಮೊಬೈಲಿನ ಟಾರ್ಚನ್ನು ರಂಗನಾಯಕಮ್ಮನವರ ಬಾಯೊಳಗೆ ಹಿಡಿದಿದ್ದಳು. ಸಾಲಿನಲ್ಲಿ ಹಿಂದೆ, ಹೆಲ್ಮೆಟ್ ಕೂಡ ತೆಗೆಯದೆ ನಿಂತಿದ್ದ ಗಿರಾಕಿಯೊಬ್ಬ ಕೂಗಿದ: "ಏನ್ ಸ್ವಾಮಿ, ಮೆಡಿಕಲ್ ಸ್ಟೋರ್ ಮುಚ್ಚಿ ಹಲ್ಲಿನ ಆಸ್ಪತ್ರೆ ಇಟ್ಬಿಟ್ರಾ?"

ಅಂಗಡಿಯ ಒಡೆಯ ಬದರೀನಾರಾಯಣ ದೊಡ್ಡದಾಗಿ ನಕ್ಕರು. "ಟ್ರೈನಿಂಗ್ ಹುಡುಗಿ ಸಾರ್. ಕಾಲೇಜಲ್ಲಿ ಓದಿದ್ದೆಲ್ಲ ಇವತ್ತೇ ಖರ್ಚು ಮಾಡ್ಬೇಕು ಅಂತ ಹಟ ಹಿಡಿದಿದಾಳೆ."

ಸಾಲಿನಲ್ಲಿ ಎಲ್ಲರೂ ನಕ್ಕರು. ಜ್ಯೋತಿ ನಗಲಿಲ್ಲ. ಮುದುಕಿಯ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಅಲ್ಲಿಂದ ಗಂಟಲವರೆಗೂ ಬಿಳಿ ಬಿಳಿ ಹುಣ್ಣು. ಚರ್ಮ ಸುಲಿದು ಎದ್ದು ಬರುತ್ತಿತ್ತು.

"ಉಷ್ಣ ಕಣೇ," ಎಂದರು ರಂಗನಾಯಕಮ್ಮ, ಟಾರ್ಚನ್ನು ಪಕ್ಕಕ್ಕೆ ಸರಿಸಿ. ಒಂದೊಂದು ಮಾತಿಗೂ ನೋವಿನಿಂದ ಮುಖ ಕಿವುಚುತ್ತಿದ್ದರು. "ಬೆಣ್ಣೆ ಮೆತ್ತಿದೆ, ಗಸಗಸೆ ಪಾಯಸ ಕುಡಿದೆ. ಏನೂ ಉಪಯೋಗ ಇಲ್ಲ. ಆ ಹಚ್ಕೊಳೋ ಟ್ಯೂಬ್ ಒಂದು ಕೊಟ್ಬಿಡು, ನಾನು ಹೊರಡ್ತೀನಿ. ಸಂಜೆ ಮಕ್ಕಳು ಲೆಕ್ಕ ಹೇಳಿಸ್ಕೊಳೋಕೆ ಬರ್ತಾರೆ."

ಬದರೀನಾರಾಯಣ ಟ್ಯೂಬನ್ನು ಆಗಲೇ ತೆಗೆದು ಕೌಂಟರಿನ ಮೇಲೆ ಇಟ್ಟಿದ್ದರು. ಜ್ಯೋತಿ ಅದರ ಮೇಲೆ ಅಂಗೈ ಮುಚ್ಚಿದಳು.

"ಅಜ್ಜಿ, ಈಗ ಏನೇನ್ ಮಾತ್ರೆ ತಗೋತಿದೀರ?"

"ಎಲ್ಲ ನಿಮ್ಮ ಅಂಗಡೀದೇ. ಆ ಹೊಸ ಮಂಡಿನೋವಿನ ಡಾಕ್ಟ್ರು ಬರ್ಕೊಟ್ರಲ್ಲ, ಅದು." ರಂಗನಾಯಕಮ್ಮ ಬಟ್ಟೆಯ ಕೈಚೀಲದಲ್ಲಿ ತಡಕಾಡಿ ಒಂದು ಸ್ಟ್ರಿಪ್ ತೆಗೆದರು. ಸೀರೆಯ ಸೆರಗು ಜಾರಿದಾಗ ಮೊಣಕೈ ಕೆಳಗೆ ನೀಲಿ ಕಲೆಗಳು ಕಂಡವು. ಎಲ್ಲಿಯೂ ಬಿದ್ದ ಏಟಲ್ಲ. ತಾವಾಗಿ ಮೂಡಿದ ಕಲೆಗಳು.

ಸ್ಟ್ರಿಪ್ ಮುಕ್ಕಾಲು ಖಾಲಿಯಾಗಿತ್ತು. ಹೋದ ವಾರ ತಾನೇ ಕೊಟ್ಟದ್ದು.

"ಇದನ್ನ ಹೇಗೆ ತಗೋತೀರ?"

"ದಿನಾ ಬೆಳಿಗ್ಗೆ ಒಂದು. ಕಣ್ಣಿಗೆ ಪೊರೆ ಬಂದಿದೆ ಅಂತ ಬೆರಳಿಗೂ ಬಂದಿದೆ ಅಂದ್ಕೊಂಡ್ಯಾ?" ಹೆಬ್ಬೆರಳಿನಿಂದ ಸ್ಟ್ರಿಪ್ಪಿನ ಅಂಚು ಸವರಿ, ಮೂಲೆಯಲ್ಲಿದ್ದ ಸಣ್ಣ ಕಚ್ಚನ್ನು ತೋರಿಸಿದರು. "ನೋಡು, ಒಂದು ಕತ್ತರಿ. ಒಂದು ದಿನಾನೂ ತಪ್ಪಿಸಿಲ್ಲ."

ಜ್ಯೋತಿ ಸ್ಟ್ರಿಪ್ಪನ್ನು ಬೆಳಕಿಗೆ ತಿರುಗಿಸಿ ಮಾತ್ರೆಯ ಹೆಸರು ಓದಿದಳು.

ಈ ಕತ್ತರಿ ಗುರುತು ಚಾಮರಾಜಪೇಟೆಯ ಆ ಅಂಗಡಿಯ ಹೆಗ್ಗಳಿಕೆ. ಬದರೀನಾರಾಯಣರ ತಂದೆಯ ಕಾಲದ್ದು. ಓದು ಬಾರದವರು ಮಾತ್ರೆ ತಪ್ಪು ತಗೊಳ್ಳಬಾರದೆಂದು ಆ ಹಿರಿಯರು ಮಾಮೂಲ್‌ಪೇಟೆಯಿಂದ ತಂದ ಕತ್ತರಿಯಲ್ಲಿ ಸ್ಟ್ರಿಪ್ಪಿನ ಅಂಚಿಗೆ ಕಚ್ಚು ಹಾಕಿ ಕೊಡುತ್ತಿದ್ದರಂತೆ. ಒಂದು ಕಚ್ಚು ಅಂದರೆ ಬೆಳಿಗ್ಗೆ. ಎರಡಾದರೆ ಬೆಳಿಗ್ಗೆ, ರಾತ್ರಿ. ಮೂರಾದರೆ ಮೂರು ಹೊತ್ತು. ಓದು ಬಾರದವರು ಕಡಿಮೆಯಾದ ಮೇಲೆ ಕಣ್ಣು ಕಾಣದವರು ಈ ಗುರುತನ್ನು ಹಿಡಿದುಕೊಂಡರು. ಬಸವನಗುಡಿಯಿಂದಲೂ ಮುದುಕರು ನಡೆದು ಬರುತ್ತಿದ್ದರು. ಟ್ರೈನಿಂಗಿಗೆ ಸೇರಿದ ಹೊಸತರಲ್ಲಿ ಜ್ಯೋತಿಗೂ ಇದು ಎಷ್ಟು ಹಿಡಿಸಿತ್ತೆಂದರೆ, ಮಾವಳ್ಳಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಬಣ್ಣಿಸಿ ಹೇಳಿದ್ದಳು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದ ಮುನಿರಾಮಪ್ಪ, "ಗುರುತು ಒಳ್ಳೇದೇ ಕಣಮ್ಮ. ಹಾಕೋನ ಗ್ಯಾನ ಎಲ್ಲೋ ಇದ್ರೆ ಮಾತ್ರ ಕಷ್ಟ," ಎಂದು ಅನ್ನ ಕಲಸಿದ್ದರು.

ವಾರಕ್ಕೊಂದು ಎಂಬುದಕ್ಕೆ ಆ ಅಂಗಡಿಯಲ್ಲಿ ಗುರುತೇ ಇರಲಿಲ್ಲ.

ರಂಗನಾಯಕಮ್ಮನ ಕೈಯಲ್ಲಿದ್ದದ್ದು ಮೆಥೋಟ್ರೆಕ್ಸೇಟ್. ಕೀಲುವಾತಕ್ಕೆ ಕೊಡುವ ಮಾತ್ರೆ. ವಾರದಲ್ಲಿ ಒಂದೇ ದಿನ ತಗೊಂಡರೆ ಔಷಧಿ, ದಿನಾ ತಗೊಂಡರೆ ವಿಷ. ಮೂಳೆಯೊಳಗೆ ರಕ್ತ ಹುಟ್ಟುವುದನ್ನೇ ನಿಲ್ಲಿಸುತ್ತದೆ, ಬಾಯಿಂದ ಕರುಳಿನವರೆಗೂ ಸುಲಿಯುತ್ತದೆ. ಡಾಕ್ಟರ ಚೀಟಿಯಲ್ಲಿ ವಾರಕ್ಕೊಮ್ಮೆ ಎಂದು ಸ್ಪಷ್ಟವಾಗಿಯೇ ಇತ್ತು. ಆವತ್ತು ಬದರೀನಾರಾಯಣ ಯಾರೊಂದಿಗೋ ಮ್ಯಾಚಿನ ಬಗ್ಗೆ ಜಗಳವಾಡುತ್ತಾ, ಬಾಯಿ ಒಂದು ಕಡೆ ಕೈ ಒಂದು ಕಡೆಯಾಗಿ, ಕಚ್ಚು ಹಾಕಿ ಸ್ಟ್ರಿಪ್ಪನ್ನು ಜ್ಯೋತಿಯತ್ತ ತಳ್ಳಿದ್ದರು. ಕವರಿಗೆ ಹಾಕಿ ಅಜ್ಜಿಯ ಕೈಗೆ ಇಟ್ಟವಳು ಅವಳೇ. ಹೆಸರು ಓದಿರಲಿಲ್ಲ. ಗುರುತು ಇದೆಯಲ್ಲ ಎಂದು ಅವಳೂ ಸುಮ್ಮನಾಗಿದ್ದಳು.

ಇಂಥ ತಪ್ಪನ್ನು ಹಿಡಿಯಲೆಂದೇ ಕಾನೂನು ಒಬ್ಬರನ್ನು ಅಲ್ಲಿ ನಿಲ್ಲಿಸಿದೆ. ನೋಂದಾಯಿತ ಫಾರ್ಮಸಿಸ್ಟ್ ಎದುರಿಗೆ ಇಲ್ಲದೆ ಚೀಟಿಯ ಔಷಧಿ ಕೊಡುವಂತಿಲ್ಲ. ಅಂಗಡಿಯ ಫಾರ್ಮಸಿಸ್ಟ್ ಮಧುಸೂದನ್ ಎದುರಿಗೇ ಇದ್ದರು, ಗೋಡೆಯ ಮೇಲೆ, ಗಾಜು ಹಾಕಿಸಿದ ಸರ್ಟಿಫಿಕೇಟಿನ ಮೂಲೆಯ ಫೋಟೋದಲ್ಲಿ. ಮನುಷ್ಯ ಕುಮಾರ ಪಾರ್ಕಿನ ಯಾವುದೋ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದರು. ಅವರ ಸರ್ಟಿಫಿಕೇಟು ಮಾತ್ರ ಇಲ್ಲಿ ಬಾಡಿಗೆಗಿತ್ತು. ಜ್ಯೋತಿಯ ಟ್ರೈನಿಂಗು ಕೂಡ ಕಾಗದದಲ್ಲಿ ಅವರ ಕೈಕೆಳಗೇ ನಡೆಯುತ್ತಿತ್ತು. ಅವರ ದನಿ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಸರ್, ಇದು ವಾರಕ್ಕೊಂದು," ಎಂದಳು.

ಬದರೀನಾರಾಯಣರ ಮುಖದ ನಗು ಹಾಗೇ ಇತ್ತು, ಕಣ್ಣಿನದು ಮಾತ್ರ ಆರಿತು. "ಒಳಗೆ ಬಾ ಒಂದ್ನಿಮಿಷ."

ಕಪಾಟಿನ ಹಿಂದೆ ಅವರು ಪಿಸುಗುಟ್ಟಿದರು. "ಮೆತ್ತಗೆ ಮಾತಾಡಮ್ಮ, ಜನ ಇದಾರೆ. ಆ ಮಾತ್ರೆ ನಿಲ್ಸಿ ಅಂತ ಹೇಳೋಣ. ಟ್ಯೂಬು ಕೊಡೋಣ, ಜೊತೆಗೆ ಬಿ-ಕಾಂಪ್ಲೆಕ್ಸು. ನಾಲ್ಕು ದಿನದಲ್ಲಿ ಸರಿಹೋಗ್ತಾರೆ."

"ನಾಲ್ಕು ದಿನದಲ್ಲಿ ಸತ್ತು ಹೋಗ್ತಾರೆ ಸರ್."

"ಬಿಡ್ತು ಅನ್ನು! ಎಂಥಾ ಮಾತಾಡ್ತೀಯ ಅಂಗಡೀಲಿ ನಿಂತ್ಕೊಂಡು! ನಮ್ಮ ಮನೇವ್ರ ಹಾಗೆ ಅವ್ರು. ನಂಗೇ ಕಾಗುಣಿತ ಕಲಿಸಿದ ಟೀಚರು."

"ಹಾಗಾದ್ರೆ ಆಸ್ಪತ್ರೆಗೆ ನೀವೇ ಕರ್ಕೊಂಡು ಹೋಗಿ."

ಅವರು ಹಣೆ ಒರೆಸಿಕೊಂಡರು. ಆ ಒರೆಸಿಕೊಳ್ಳುವ ನಿಧಾನವನ್ನು ನೋಡುತ್ತಾ ಜ್ಯೋತಿಗೆ ಕೌಂಟರನ್ನೇ ಬುಡಮೇಲು ಮಾಡಿಬಿಡುವಷ್ಟು ಸಿಟ್ಟು ಬಂತು. ಹೊರಗೆ ಬಂದು ಮುದುಕಿಯ ಹಣೆ ಮುಟ್ಟಿದಳು. ಸುಡುತ್ತಿತ್ತು. ಕೌಂಟರಿನ ಅಡ್ಡಹಲಗೆ ಎತ್ತಿ, ಅವರ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಅಂಗಡಿ ಯಾರು ನೋಡ್ಕೋಬೇಕೇ?" ಎಂದು ಬದರೀನಾರಾಯಣ ಹಿಂದಿನಿಂದ ಕೂಗಿದರು.

"ಮಧುಸೂದನ್ ಸರ್‌ನ ಇಳಿಸ್ಕೊಳಿ, ಗೋಡೆ ಮೇಲಿಂದ!"

ಹೆಲ್ಮೆಟಿನವನು ಈ ಸಲ ನಗಲಿಲ್ಲ. ತಾನೇ ರಸ್ತೆಗಿಳಿದು ಒಂದು ಆಟೋಗೆ ಅಡ್ಡ ನಿಂತ.

ಆಟೋದಲ್ಲಿ ರಂಗನಾಯಕಮ್ಮ ಗೊಣಗುತ್ತಲೇ ಇದ್ದರು. ಟ್ಯೂಬಿಗೆ ಅಂತ ಬಂದವಳನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತೀಯೆ, ಮಕ್ಕಳಿಗೆ ನಾಳೆ ಪರೀಕ್ಷೆ ಇದೆ. ಮಕ್ಕಳ ಕೂಟದ ಸರ್ಕಲ್ಲಿನಲ್ಲಿ ಆಟೋ ಸಿಕ್ಕಿಕೊಂಡಾಗ ಜ್ಯೋತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸ್ಸೊಂದು ಪಕ್ಕದಲ್ಲೇ ಹಾರನ್ ಹೊಡೆಯುತ್ತಿತ್ತು.

"ಅಂದ್ರೆ ನಾನು ಸರಿಯಾಗೇ ಓದಿದೀನಿ ತಾನೇ?" ಎಂದರು ಕೊನೆಗೆ, ಹೆಬ್ಬೆರಳನ್ನು ನೋಡಿಕೊಳ್ಳುತ್ತಾ. "ಒಂದು ಕತ್ತರಿ ಅಂದ್ರೆ ದಿನಾ ಬೆಳಿಗ್ಗೇನೇ ತಾನೇ?"

"ಸರಿಯಾಗೇ ಓದಿದೀರಿ ಅಜ್ಜಿ. ನಾವೇ ತಪ್ಪು ಬರೆದಿದ್ದು."

ಕ್ಯಾಷುಯಾಲ್ಟಿಯ ಡಾಕ್ಟರು ಜ್ಯೋತಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ನಿದ್ದೆಗೆಟ್ಟ ಕಣ್ಣು. ಮಾತ್ರೆಯ ಹೆಸರು ಕೇಳಿದ ಕೂಡಲೇ ಕುರ್ಚಿಯಿಂದ ಎದ್ದ. "ದಿನಾ ತಗೊಳಿ ಅಂತ ಯಾರ್ರೀ ಹೇಳಿದ್ದು?"

"ನಾವು. ಮೆಡಿಕಲ್ ಸ್ಟೋರಿನವರು."

ಅಂಥ ಉತ್ತರ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲವೇನೋ, ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಎಲ್ಲ ಬೇಗಬೇಗ ನಡೆಯಿತು. ರಕ್ತ ತೆಗೆದರು. ಬಿಳಿ ರಕ್ತಕಣ ಪಾತಾಳ ಕಂಡಿತ್ತು. ಮಾತ್ರೆಯ ವಿಷಕ್ಕೆ ಎದುರು ಔಷಧಿಯನ್ನು ಡ್ರಿಪ್ಪಿನಲ್ಲಿ ಹಾಕಿದರು. "ಬಾಯಿಗೆ ಜೆಲ್ ಹಚ್ಕೊಂಡು ಮನೇಲೇ ಇದ್ದಿದ್ರೆ," ಎಂದು ಶುರುಮಾಡಿದ ಡಾಕ್ಟರು ಮುಗಿಸಲಿಲ್ಲ.

ಮಗಳು ಮೈತ್ರೇಯಿ ಬ್ಯಾಂಕಿನಿಂದ ಐಡಿ ಕಾರ್ಡು ಕೊರಳಲ್ಲೇ ತೂಗಾಡಿಸಿಕೊಂಡು ಓಡಿ ಬಂದಳು. ವಾರ್ಡಿಗೆ ಬಂದು ನೋಡಿದರೆ ತಾಯಿಯ ಮಂಚದ ಪಕ್ಕ ಆಗಲೇ ಬದರೀನಾರಾಯಣ ಕೂತಿದ್ದರು. ಕೈಯಲ್ಲಿ ಎಳನೀರು ತುಂಬಿಸಿದ ಬಾಟಲು, ಕಾಲ ಬಳಿ ಕಿತ್ತಳೆಯ ಕವರು. ಜ್ಯೋತಿ ನಲ್ಲಿಯಲ್ಲಿ ನೀರು ಹಿಡಿದುಕೊಂಡು ಬರುವ ಹೊತ್ತಿಗೆ ಅವರ ಕಥೆ ಅರ್ಧ ಮುಗಿದಿತ್ತು.

"ವಾರಕ್ಕೊಂದು ಅಂತ ಬಿಡಿಸಿ ಬಿಡಿಸಿ ಹೇಳಿದ್ದೆ ಮೈತ್ರೇಯಿ. ವಯಸ್ಸು ನೋಡು, ಯಾರನ್ನ ಅನ್ನೋಣ? ನಮ್ಮಮ್ಮನೂ ಕೊನೇಲಿ ಹೀಗೇ. ಊಟ ಮಾಡಿ ಎದ್ದು, ಊಟ ಯಾಕೆ ಹಾಕಿಲ್ಲ ಅಂತ ಕೇಳೋರು."

ಮೈತ್ರೇಯಿ ತಲೆ ಹಿಡಿದುಕೊಂಡಳು. "ನಾನು ಹೇಳ್ತಾನೇ ಇದ್ದೆ, ಅಮ್ಮಂಗೆ ಮರೆವು ಶುರುವಾಗಿದೆ ಅಂತ. ಇನ್ಮೇಲೆ ನಿನ್ನ ಮಾತ್ರೆ ಡಬ್ಬಿ ನನ್ನ ಹತ್ರ ಇರ್ಲಿ ಅಮ್ಮ. ಬೀರು ಬೀಗದ ಕೈನೂ ಕೊಟ್ಬಿಡು. ಪಾಠ ಗೀಠ ಎಲ್ಲ ಸಾಕು, ಯಾರ ಮಗೂಗೋ ಏನೋ ತಪ್ಪು ಹೇಳ್ಕೊಟ್ಟು ಅವ್ರು ಬಂದು ಜಗಳ ಆಡೋದು ಬೇರೆ. ಒಬ್ಬಳೇ ಗೇಟ್ ದಾಟಬೇಡ."

ಇಡೀ ಬೀದಿಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಹೆಂಗಸು ಈಗ ತಿರುಗಿಸಿ ಬೈಯುತ್ತಾರೆಂದು ಜ್ಯೋತಿ ಕಾದಳು. ರಂಗನಾಯಕಮ್ಮ ಬದರೀನಾರಾಯಣರ ಮುಖವನ್ನು ನೋಡಿದರು. ಹುಡುಗನಾಗಿದ್ದಾಗಿನಿಂದ ಬಲ್ಲ ಮುಖ. ಆಮೇಲೆ ಸೂಜಿ ಚುಚ್ಚಿದ ತಮ್ಮ ಕೈಯನ್ನು ನೋಡಿಕೊಂಡರು.

"ಹೇಳಿದ್ನೇನೋ," ಎಂದರು ಸಣ್ಣ ದನಿಯಲ್ಲಿ. "ಬದರಿ ಸುಳ್ಳು ಹೇಳಲ್ಲ. ನಂಗೇ ನೆನಪಿಲ್ಲ ಅಂತ ಕಾಣತ್ತೆ."

ಜ್ಯೋತಿ ನೀರಿನ ಬಾಟಲನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಪಕ್ಕದ ಮಂಚದವರೂ ತಿರುಗಿದರು.

"ನೆನಪಿಲ್ಲದೆ ಏನು ಅಜ್ಜಿ? ಹೇಳಿದ್ರೆ ತಾನೇ ನೆನಪಿರೋಕೆ!" ಅವಳ ದನಿ ನಡುಗುತ್ತಿತ್ತು. ಅದು ಭಯ ಎಂದು ಯಾರಾದರೂ ತಿಳಿದಾರೆಂದು ಇನ್ನೂ ಜೋರಾಗಿ ಹೇಳಿದಳು. "ಮೇಡಂ, ನಿಮ್ಮಮ್ಮಂಗೆ ಯಾರೂ ಏನೂ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಅನ್ನೋ ಗುರುತು ಹಾಕಿ ಕೊಟ್ವಿ. ಕತ್ತರಿ ಹಾಕಿದ್ದು ಇವ್ರು, ನೋಡ್ದೆ ಕೈಗಿಟ್ಟಿದ್ದು ನಾನು. ಅವ್ರು ಅದನ್ನ ಒಂದು ದಿನಾನೂ ತಪ್ಪಿಸ್ದೆ ತಗೊಂಡ್ರು. ಅವ್ರ ತಲೆ ನಮ್ಮಿಬ್ರ ತಲೆಗಿಂತ ಚೆನ್ನಾಗಿದೆ."

ಮೈತ್ರೇಯಿ ಒಬ್ಬರಿಂದ ಇನ್ನೊಬ್ಬರ ಕಡೆ ನೋಡಿದಳು. ಬದರೀನಾರಾಯಣ ಎಳನೀರಿನ ಬಾಟಲನ್ನು ಮಂಚದ ಮೇಲಿಟ್ಟು, "ಚಿಕ್ಕ ಹುಡುಗಿ, ಗಾಬರಿ ಆಗಿದಾಳೆ," ಎನ್ನುತ್ತಾ ಜ್ಯೋತಿಯನ್ನು ಕಾರಿಡಾರಿಗೆ ಕರೆದರು. ಅವಳು ಹೋದಳು. ಮುಖಕ್ಕೆ ಮುಖ ಕೊಟ್ಟು ಹೇಳುವುದು ಇನ್ನೂ ಇತ್ತು.

ಆದರೆ ಹೊರಗೆ ಬಂದ ಮೇಲೆ ಮನುಷ್ಯ ಕೂಗಾಡಲಿಲ್ಲ. ಗೋಡೆಗೆ ಒರಗಿ, ಇದ್ದಕ್ಕಿದ್ದಂತೆ ವಯಸ್ಸಾದವರ ಹಾಗೆ ಉಸಿರು ಬಿಟ್ಟರು.

"ನೋಡು ಜ್ಯೋತಿ. ಡ್ರಗ್ಸ್ ಇನ್ಸ್‌ಪೆಕ್ಟರ್ ಬಂದ್ರೆ ಲೈಸೆನ್ಸ್ ಹೋಗತ್ತೆ. ನಮ್ಮಪ್ಪ ಕಟ್ಟಿದ ಅಂಗಡಿ. ನಿಮ್ಮವರಿಗೇನಮ್ಮ, ಗೌರ್ಮೆಂಟ್ ಕೆಲಸ ಕಾದಿರತ್ತೆ. ನಮಗಿರೋದು ಅದೊಂದೇ."

"ನಮ್ಮವರು ಅಂದ್ರೆ ಯಾರು ಸರ್?"

ಆ ಪ್ರಶ್ನೆಯನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ ಎಂಬಂತೆ ಜುಬ್ಬದ ಜೇಬಿನಿಂದ ಮಡಿಸಿದ ಕಾಗದಗಳನ್ನು ತೆಗೆದರು. ಅವಳ ಟ್ರೈನಿಂಗಿನ ಕಾಗದಗಳು. ಮಧುಸೂದನರ ಸಹಿ ಬಿದ್ದಿತ್ತು, ಶಾಯಿ ಇನ್ನೂ ಹೊಳೆಯುತ್ತಿತ್ತು. ಇಷ್ಟು ದಿನ ಮುಖ ತೋರಿಸದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಕುಮಾರ ಪಾರ್ಕಿನಿಂದ ಬಂದು ಹೋಗಿದ್ದರು.

"ಪೂರ್ತಿ ಮುಗಿದಿದೆ ಅಂತ ಬರೆಸಿದೀನಿ. ಇನ್ನು ನೀನು ಬರೋದೇ ಬೇಡ. ಇದಿಲ್ದಿದ್ರೆ ಏನಾಗತ್ತೆ ಅಂತ ನಿಂಗೂ ಗೊತ್ತು, ಬೇರೆ ಅಂಗಡಿ ಹುಡುಕಿ ಮತ್ತೆ ಮೊದಲಿಂದ ಶುರು, ವರ್ಷ ಹಾಳು. ರಿಜಿಸ್ಟ್ರೇಷನ್ ಆದ್ಮೇಲೆ ಮಧುಸೂದನಂದು ತೆಗೆದು ನಿನ್ನ ಸರ್ಟಿಫಿಕೇಟ್ ಹಾಕ್ತೀನಿ. ಮನೇಲೇ ಕೂತಿರು, ಮುಂದೆ ಓದ್ಕೋ, ಬೇರೆ ಕೆಲಸ ಮಾಡ್ಕೋ. ತಿಂಗಳು ತಿಂಗಳು ಸಂಬಳ ಮನೆಗೆ ಬರತ್ತೆ. ನನ್ನ ಮಗಳು ಅಂತ ಹೇಳ್ತಿದೀನಿ ಅಂದ್ಕೋ."

ಜ್ಯೋತಿ ಕಾಗದದ ಮೇಲಿನ ಸಹಿಯನ್ನೇ ಬಗ್ಗಿ ನೋಡಿದಳು. ಅದನ್ನು ಅವರು ಒಪ್ಪಿಗೆಯೆಂದೇ ಎಣಿಸಿದರು, ದನಿ ಮೃದುವಾಯಿತು.

"ಒಳಗೆ ಹೋಗಿ ಒಂದೇ ಮಾತು ಹೇಳು. ನಂಗೆ ಗೊಂದಲ ಆಯ್ತು, ಸಾರ್ ವಾರಕ್ಕೊಂದು ಅಂತಲೇ ಹೇಳಿದ್ರು ಅಂತ. ಟೀಚರಮ್ಮ ಹೇಗೂ ಒಪ್ಕೊಂಡಾಗಿದೆ. ಅವರಿಗೂ ನೆಮ್ಮದಿ, ಇನ್ಮೇಲೆ ಮಗಳು ನೋಡ್ಕೋತಾಳೆ. ತಗೋ, ಹಿಡಿ."

ವಾರ್ಡಿನೊಳಗಿಂದ ಮೈತ್ರೇಯಿಯ ದನಿ ಕೇಳುತ್ತಿತ್ತು. ಏನೋ ಕೇಳುತ್ತಿದ್ದಳು. ರಂಗನಾಯಕಮ್ಮ ನಿಧಾನವಾಗಿ, ಒಂದೊಂದೇ ಪದ ಹುಡುಕಿಕೊಂಡು ಉತ್ತರ ಕೊಡುತ್ತಿದ್ದರು.

ಬದರೀನಾರಾಯಣ ಕಾಗದಗಳನ್ನು ಅವಳ ಕೈಗೆ ತಾಕಿಸಿದರು. ಜ್ಯೋತಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹೇಳಲ್ಲ ಸರ್. ಇದೂ ಬೇಡ."